ದಂಡ ಕಟ್ಟಿದರೆ ಕೇಸು ಮುಗಿಯಿತೇ?

ಯುಗಾದಿ ಕಳೆದು ಕೆಲವು ವಾರಗಳಾದ ಮೇಲೆ ನಮ್ಮ ತಾಲ್ಲೂಕು ಕೋರ್ಟುಗಳ ವರಾಂಡದಲ್ಲಿ ಹೊಸ ಮುಖಗಳು ಕಾಣಿಸಿಕೊಳ್ಳುತ್ತವೆ. ಹಬ್ಬದ ದಿನ ಅಂದರ್ ಬಾಹರ್ ಆಡುತ್ತಾ ಸಿಕ್ಕಿಬಿದ್ದವರು. ಅವರಲ್ಲಿ ಇನ್ನೂ ಕಾಲೇಜು ಮುಗಿಸದ ಹುಡುಗರೂ ಇರುತ್ತಾರೆ. ಹೆಸರು ಕೂಗಿದಾಗ ಐದಾರು ಜನ ಒಳಗೆ ಹೋಗಿ ಸಾಲಾಗಿ ನಿಲ್ಲುತ್ತಾರೆ. ನ್ಯಾಯಾಧೀಶರು ಆರೋಪ ತಿಳಿಸಿ, ‘ತಪ್ಪು ಒಪ್ಕೋತೀರಾ?’ ಎಂದು ಕೇಳುತ್ತಾರೆ. ‘ಒಪ್ಕೋತೀವಿ ಸ್ವಾಮಿ’ ಎಂದು ಎಲ್ಲರೂ ಒಟ್ಟಿಗೇ ಹೇಳುತ್ತಾರೆ. ದಂಡ ಕಟ್ಟಿ, ರಸೀದಿ ಜೇಬಿಗಿಟ್ಟುಕೊಂಡು, ಗೇಟಿನಾಚೆ ಟೀ ಕುಡಿದು ಊರ ಬಸ್ಸು ಹತ್ತುತ್ತಾರೆ. ವಕೀಲರ ಫೀಸೂ ಉಳಿಯಿತು, ವಾಯಿದೆಗೆ ಅಲೆಯುವುದೂ ತಪ್ಪಿತು, ಕೇಸು ಮುಗಿಯಿತು ಎಂಬ ನೆಮ್ಮದಿ ಅವರದು.

ಈ ನಂಬಿಕೆಯಷ್ಟು ಹುಡುಗರ ಬದುಕನ್ನು ಕೆಡಿಸಿದ ನಂಬಿಕೆ ಇನ್ನೊಂದಿಲ್ಲ. ಆ ‘ಒಪ್ಕೋತೀವಿ’ ಎಂಬ ಒಂದೇ ಮಾತಿಗೆ ಅಪರಾಧ ಸಾಬೀತಾಗಿಬಿಡುತ್ತದೆ. ಸಾಕ್ಷಿ ಬರಲಿಲ್ಲ, ಪಾಟೀಸವಾಲು ನಡೆಯಲಿಲ್ಲ, ಆದರೂ ಕಡತದಲ್ಲಿ ಬೀಳುವುದು ‘ಅಪರಾಧಿ’ ಎಂದೇ. ದಂಡ ನೂರು ರೂಪಾಯಿಯಾದರೂ ಅಷ್ಟೇ, ಹತ್ತು ಸಾವಿರವಾದರೂ ಅಷ್ಟೇ. ತಾನಾಗಿ ತಪ್ಪೊಪ್ಪಿಕೊಂಡವನಿಗೆ ಮೇಲ್ಮನವಿಯ ಬಾಗಿಲೂ ಬಹುಮಟ್ಟಿಗೆ ಮುಚ್ಚುತ್ತದೆ. ಶಿಕ್ಷೆ ಹೆಚ್ಚಾಯಿತು ಅಥವಾ ಅದು ಕಾನೂನಿಗೆ ಸಮ್ಮತವಲ್ಲ ಎಂದಷ್ಟೇ ವಾದಿಸಬಹುದು, ‘ನಾನು ತಪ್ಪೇ ಮಾಡಿಲ್ಲ’ ಎನ್ನುವಂತಿಲ್ಲ. ಹೆಲ್ಮೆಟ್ ಹಾಕದ್ದಕ್ಕೆ ರಸ್ತೆಯಲ್ಲೇ ಕಟ್ಟುವ ದಂಡದ ಮಾತು ಬೇರೆ, ಅದು ಅಲ್ಲಿಗೇ ಇತ್ಯರ್ಥವಾಗುತ್ತದೆ. ಆದರೆ ಕುಡಿದು ಗಾಡಿ ಓಡಿಸಿದ್ದು ಆ ಸಾಲಿಗೆ ಸೇರುವುದಿಲ್ಲ. ಮೋಟಾರು ವಾಹನ ಕಾಯ್ದೆಯ ಕಲಂ 185ರ ಕೇಸು ಕೋರ್ಟಿಗೇ ಹೋಗುತ್ತದೆ. ಮೊದಲ ಸಲಕ್ಕೇ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ ಆಗಬಹುದು.

ಹೀಗೆ ದಂಡ ಕಟ್ಟಿ ಬಂದ ಹುಡುಗ ಪಿಯುಸಿ ಮುಗಿಸಿ, ಕಾನ್‌ಸ್ಟೆಬಲ್ ಪರೀಕ್ಷೆಗೋ ರೈಲ್ವೆಗೋ ಓದಿ, ಓಟದಲ್ಲೂ ಪಾಸಾಗಿ, ಆಯ್ಕೆಪಟ್ಟಿಯಲ್ಲಿ ಹೆಸರು ಕಂಡ ಮೇಲೆ ಕೈಗೆ ದೃಢೀಕರಣ ನಮೂನೆ ಬರುತ್ತದೆ. ಕೇಂದ್ರ ಸರ್ಕಾರದ ನಮೂನೆಯಲ್ಲಿ ಪ್ರಶ್ನೆಗಳು ಬಿಡಿಬಿಡಿಯಾಗಿರುತ್ತವೆ: ನಿಮ್ಮನ್ನು ಎಂದಾದರೂ ಬಂಧಿಸಲಾಗಿತ್ತೇ? ನಿಮ್ಮ ಮೇಲೆ ಮೊಕದ್ದಮೆ ನಡೆದಿತ್ತೇ? ಮುಚ್ಚಳಿಕೆ ಬರೆಸಿಕೊಳ್ಳಲಾಗಿತ್ತೇ? ಕೋರ್ಟು ದಂಡ ವಿಧಿಸಿತ್ತೇ? ಶಿಕ್ಷೆಯಾಗಿತ್ತೇ? ದಂಡದ ಪ್ರಶ್ನೆ ಬೇರೆಯಾಗಿಯೇ ಇರುವುದನ್ನು ಗಮನಿಸಬೇಕು. ಸುಳ್ಳು ಬರೆದರೆ, ಮುಚ್ಚಿಟ್ಟರೆ ಅನರ್ಹತೆ ಎಂಬ ಎಚ್ಚರಿಕೆಯನ್ನು ನಮೂನೆಯ ತಲೆಯಲ್ಲೇ ಅಚ್ಚು ಹಾಕಿರುತ್ತಾರೆ.

ಇಲ್ಲಿ ಎರಡನೆಯ ತಪ್ಪು ಕಲ್ಪನೆ ಕೈಹಿಡಿದು ಬರೆಸುತ್ತದೆ.

‘ಇಲ್ಲ’ ಎಂದು ಬರೆದುಬಿಡು, ಯಾರಿಗೆ ಗೊತ್ತಾಗುತ್ತೆ?

ಮನೆಯ ಹಿರಿಯರು, ಗೆಳೆಯರು, ಕೋಚಿಂಗ್ ಸೆಂಟರಿನ ಅಣ್ಣಂದಿರು ಕೊಡುವ ಸಲಹೆ ಇದೇ. ಗೊತ್ತಾಗದೇ ಇದ್ದ ಕಾಲವೊಂದಿತ್ತು ನಿಜ. ಈಗ ಠಾಣೆಗಳ ದಾಖಲೆ ಕಂಪ್ಯೂಟರಿನಲ್ಲಿದೆ. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು ಜಾಲತಾಣಕ್ಕೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. ಇ-ಕೋರ್ಟ್ಸ್ ತಾಣದಲ್ಲಿ ಹೆಸರು ಹಾಕಿದರೆ ಯಾವ ಕೋರ್ಟಿನಲ್ಲಿ ಯಾವ ಕೇಸು ಎಂಬುದು ಯಾರಿಗೆ ಬೇಕಾದರೂ ಸಿಗುತ್ತದೆ. ಆಯ್ಕೆಯಾದವನ ಊರಿನ ಠಾಣೆಗೆ ಪೂರ್ವಾಪರ ಪರಿಶೀಲನೆಯ ಪತ್ರ ಹೋದಾಗ ಉತ್ತರ ಹುಡುಕಲು ಅವರಿಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಬಹಳ ಜನರಿಗೆ ತಿಳಿಯದ ಸಂಗತಿಯೆಂದರೆ, ಹರೆಯದ ಸಣ್ಣ ತಪ್ಪನ್ನು ನಮ್ಮ ನ್ಯಾಯಾಲಯಗಳು ಎಷ್ಟೋ ಸಲ ಮನ್ನಿಸಿವೆ. ದೆಹಲಿ ಪೊಲೀಸ್ ಇಲಾಖೆಯ ಹೆಡ್ ಕಾನ್‌ಸ್ಟೆಬಲ್ ಹುದ್ದೆಗೆ ಆಯ್ಕೆಯಾದ ಯುವಕನೊಬ್ಬ ಅರ್ಜಿಯಲ್ಲಿ ಹಳೆಯ ಹೊಡೆದಾಟದ ಕೇಸನ್ನು ಹೇಳದೆ, ಆಮೇಲೆ ದೃಢೀಕರಣ ನಮೂನೆಯಲ್ಲಿ ಬರೆದಿದ್ದ. ಕೇಸು ಅಷ್ಟರಲ್ಲಿ ರಾಜಿಯಾಗಿತ್ತು. ಇಲಾಖೆ ಕೆಲಸ ನಿರಾಕರಿಸಿತು. 2011ರಲ್ಲಿ ಸುಪ್ರೀಂ ಕೋರ್ಟ್ ಯುವಕನ ಪರ ನಿಂತಿತು. ವಿಕ್ಟರ್ ಹ್ಯೂಗೋ ಕಾದಂಬರಿಯ ಝಾನ್ ವಾಲ್‌ಝಾನ್, ರೊಟ್ಟಿ ಕದ್ದು ಜೀವಮಾನವಿಡೀ ಕಳ್ಳನೆಂಬ ಹಣೆಪಟ್ಟಿ ಹೊತ್ತವನು, ಆ ತೀರ್ಪಿನಲ್ಲಿ ಬರುತ್ತಾನೆ. ಎಳೆಯ ವಯಸ್ಸಿನ ದುಡುಕಿಗಾಗಿ ಒಬ್ಬನನ್ನು ಬದುಕಿಡೀ ಅಪರಾಧಿಯಾಗಿ ಕಾಣಬಾರದು ಎಂಬುದು ಅದರ ತಿರುಳು.

ಮೂವರು ನ್ಯಾಯಮೂರ್ತಿಗಳ ಪೀಠ 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಇದನ್ನು ಇನ್ನಷ್ಟು ಬಿಡಿಸಿ ಹೇಳಿತು. ಅಭ್ಯರ್ಥಿ ಕೊಡುವ ಮಾಹಿತಿ ನಿಜವಾಗಿರಲೇಬೇಕು. ಎಳೆ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಕೇಸನ್ನು ಮುಚ್ಚಿಟ್ಟಿದ್ದರೂ ನೇಮಕ ಮಾಡುವವರು ವಿವೇಚನೆಯಿಂದ ಕಡೆಗಣಿಸಬಹುದು. ನಮೂನೆಯಲ್ಲಿ ನಿರ್ದಿಷ್ಟವಾಗಿ ಕೇಳದ ವಿಷಯವನ್ನು ಹೇಳಲಿಲ್ಲವೆಂದು ತಪ್ಪು ಹೊರಿಸುವಂತಿಲ್ಲ. ಹಾಗೆಯೇ, ಎಲ್ಲವನ್ನೂ ನಿಜ ಬರೆದ ಮಾತ್ರಕ್ಕೆ ಕೆಲಸ ಕೊಡಲೇಬೇಕೆಂಬ ಹಕ್ಕೂ ಹುಟ್ಟುವುದಿಲ್ಲ. ಈ ಕೊನೆಯ ಮಾತನ್ನು ಮರೆಮಾಚಿ ಹುಡುಗರಿಗೆ ಸುಳ್ಳು ಭರವಸೆ ಕೊಡಬಾರದು. ಆದರೂ ಎರಡನ್ನೂ ತೂಗಿದರೆ ನನ್ನ ಅಭಿಪ್ರಾಯ ಸ್ಪಷ್ಟ. ನಿಜ ಬರೆದವನ ಕೈಯಲ್ಲಿ ‘ಅದು ಸಣ್ಣ ಕೇಸು, ಆಗ ನಾನು ಹುಡುಗ’ ಎಂಬ ವಾದವಾದರೂ ಉಳಿದಿರುತ್ತದೆ. ‘ಇಲ್ಲ’ ಎಂದು ಬರೆದವನು ಇಸ್ಪೀಟಿನ ಕೇಸಿನ ಜೊತೆಗೆ ಮೋಸದ ಆರೋಪವನ್ನೂ ಹೊರುತ್ತಾನೆ. ಸೇವೆಗೆ ಸೇರಿ ವರ್ಷಗಳಾದ ಮೇಲೆ, ಮದುವೆಯಾಗಿ ಮನೆ ಸಾಲ ಎತ್ತಿದ ಮೇಲೆ ವಜಾ ಆದೇಶ ಕೈಗೆ ಬಂದವರೂ ಇದ್ದಾರೆ.

ಸ್ಟೇಷನ್‌ನಲ್ಲೇ ರಾಜಿ ಆಯ್ತಲ್ಲ!

ಎಫ್‌ಐಆರ್ ಆಗುವ ಮೊದಲು ಇಬ್ಬರನ್ನೂ ಕೂರಿಸಿ, ಬುದ್ಧಿ ಹೇಳಿ, ಬರೆಸಿಕೊಂಡು ಕಳಿಸಿದ್ದರೆ ಸರಿ. ಎಫ್‌ಐಆರ್ ಆದ ಮೇಲೆ ಠಾಣೆಯಲ್ಲಿ ಬರೆದುಕೊಟ್ಟ ರಾಜಿಪತ್ರದಿಂದ ಕೇಸು ಸಾಯುವುದಿಲ್ಲ. ಎಫ್‌ಐಆರ್ ಅಷ್ಟರಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ಹೋಗಿರುತ್ತದೆ, ಮುಗಿಸುವ ಅಧಿಕಾರ ಇರುವುದೂ ಅಲ್ಲಿಯೇ. ರಾಜಿಯಾಗಬಹುದಾದ ಕಲಂ ಆಗಿದ್ದರೆ ಕೋರ್ಟಿನಲ್ಲೋ ಲೋಕ ಅದಾಲತ್‌ನಲ್ಲೋ ರಾಜಿ ಮಾಡಿಸಬೇಕು. ಹಾಗೆ ಮಾಡಿಸಿದರೆ ಅದಕ್ಕೆ ಖುಲಾಸೆಯಷ್ಟೇ ಬೆಲೆ. ರಾಜಿಯಾಗದ ಕಲಂ ಸೇರಿದ್ದರೆ ಹೈಕೋರ್ಟಿಗೆ ಹೋಗಿ ರದ್ದು ಮಾಡಿಸಬೇಕು. ಎರಡು ಮನೆಗಳ ನಡುವಿನ ಖಾಸಗಿ ಜಗಳಗಳಲ್ಲಿ ಹೈಕೋರ್ಟ್ ಹಾಗೆ ಮಾಡಬಹುದೆಂದು 2012ರಲ್ಲಿ ಸುಪ್ರೀಂ ಕೋರ್ಟ್ ಖಚಿತಪಡಿಸಿದೆ.

‘ಬಿ ರಿಪೋರ್ಟ್ ಹಾಕಿದ್ದಾರೆ’ ಎಂಬ ಸಮಾಧಾನವೂ ಅರ್ಧ ಸತ್ಯ. ಕೇಸಿನಲ್ಲಿ ಹುರುಳಿಲ್ಲ ಎಂದು ಪೊಲೀಸರು ವರದಿ ಕೊಟ್ಟರೂ ಮ್ಯಾಜಿಸ್ಟ್ರೇಟರು ಅದನ್ನು ಒಪ್ಪಿ ಆದೇಶ ಮಾಡಬೇಕು. ದೂರುದಾರನಿಗೆ ನೋಟಿಸು ಹೋಗುತ್ತದೆ, ಅವನು ಆಕ್ಷೇಪಣೆ ಎತ್ತಿದರೆ ಕಥೆ ಮತ್ತೆ ಶುರು. ಆದೇಶದ ದೃಢೀಕೃತ ನಕಲು ಪಡೆದು ಮನೆಯಲ್ಲಿಟ್ಟುಕೊಳ್ಳದಿದ್ದರೆ ಹತ್ತು ವರ್ಷದ ನಂತರ ಪರಿಶೀಲನೆಗೆ ಬಂದವರಿಗೆ ಕಾಣುವುದು ಎಫ್‌ಐಆರ್ ಸಂಖ್ಯೆ ಮಾತ್ರ.

ಖುಲಾಸೆಯ ವಿಷಯದಲ್ಲಿ ಜನ ನಂಬಿರುವುದಕ್ಕೂ ಕೋರ್ಟುಗಳು ಹೇಳುವುದಕ್ಕೂ ದೊಡ್ಡ ಅಂತರವಿದೆ. ಸಾಕ್ಷಿಗಳು ಉಲ್ಟಾ ಹೊಡೆದು, ಸಂಶಯದ ಲಾಭ ಸಿಕ್ಕಿ ಬಿಡುಗಡೆಯಾದವನನ್ನೂ, ಆರೋಪವೇ ಸುಳ್ಳೆಂದು ಗೌರವಯುತವಾಗಿ ಬಿಡುಗಡೆಯಾದವನನ್ನೂ ನೇಮಕದ ಹೊತ್ತಿನಲ್ಲಿ ಒಂದೇ ತಕ್ಕಡಿಯಲ್ಲಿ ಇಡಬೇಕಿಲ್ಲ ಎನ್ನುತ್ತವೆ ಸುಪ್ರೀಂ ಕೋರ್ಟಿನ ತೀರ್ಪುಗಳು. ಪೊಲೀಸ್ ಇಲಾಖೆಯಂಥ ಕಡೆ ಇದನ್ನು ಇನ್ನೂ ಬಿಗಿಯಾಗಿ ನೋಡುತ್ತಾರೆ. ನನಗೆ ಇದು ಕಠಿಣವೆನಿಸುತ್ತದೆ. ಬಡವನ ಪರ ಗಟ್ಟಿಯಾಗಿ ವಾದಿಸಿ, ‘ಆರೋಪ ಸುಳ್ಳು’ ಎಂಬ ಸಾಲನ್ನು ತೀರ್ಪಿನಲ್ಲಿ ಬರೆಸುವ ವಕೀಲರು ಎಲ್ಲಿ ಸಿಗುತ್ತಾರೆ?

ಸರ್ಕಾರ ಕೇಸು ವಾಪಸ್ ತಗೊಂಡಿದೆ

ಕಾವೇರಿ, ಮಹದಾಯಿ, ಕನ್ನಡಪರ ಹೋರಾಟ, ರೈತರ ರಸ್ತೆತಡೆ. ಇಂಥ ಕೇಸುಗಳಲ್ಲಿ ಹೆಸರು ಇರುವವರು ಸಚಿವ ಸಂಪುಟದ ನಿರ್ಧಾರ ಪತ್ರಿಕೆಯಲ್ಲಿ ಓದಿ ನಿಶ್ಚಿಂತರಾಗುತ್ತಾರೆ, ವಾಯಿದೆಗೆ ಹೋಗುವುದನ್ನೇ ಬಿಡುತ್ತಾರೆ. ಸಂಪುಟದ ನಿರ್ಧಾರದಿಂದ ಕೇಸು ಮುಗಿಯುವುದಿಲ್ಲ. ಸರ್ಕಾರಿ ಅಭಿಯೋಜಕರು ತಮ್ಮದೇ ವಿವೇಚನೆಯಿಂದ ಅರ್ಜಿ ಹಾಕಬೇಕು, ಕೋರ್ಟು ಸಮ್ಮತಿಸಬೇಕು. 2024ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ 43 ಕೇಸುಗಳನ್ನು ಹಿಂತೆಗೆದುಕೊಳ್ಳಲು ಹೊರಡಿಸಿದ್ದ ಆದೇಶವನ್ನೇ ಮುಂದಿನ ಮೇ ತಿಂಗಳಲ್ಲಿ ಹೈಕೋರ್ಟ್ ರದ್ದು ಮಾಡಿತು. ನಾಯಕರಿಗೆ ವಕೀಲರಿರುತ್ತಾರೆ. ಮೆರವಣಿಗೆಯ ಹಿಂದಿನ ಸಾಲಿನಲ್ಲಿ ಬಾವುಟ ಹಿಡಿದು ನಡೆದ ಹುಡುಗನ ಹೆಸರಿಗೆ ವಾರಂಟ್ ಹೊರಡುತ್ತದೆ.

ವಾರಂಟಿಗೆ ವಯಸ್ಸಾಗುವುದಿಲ್ಲ. ಹೊರಡಿಸಿದ ಕೋರ್ಟು ರದ್ದು ಮಾಡುವವರೆಗೆ ಅಥವಾ ಜಾರಿಯಾಗುವವರೆಗೆ ಅದು ಜೀವಂತ. ‘ಏಳು ವರ್ಷ ಆದರೆ ಕೇಸು ತಾನಾಗಿ ಬಿದ್ದುಹೋಗುತ್ತೆ’ ಎಂಬ ಮಾತು ಹಳ್ಳಿ ಕಟ್ಟೆಯಿಂದ ಹಿಡಿದು ಐಟಿ ಕಂಪನಿಯ ಕ್ಯಾಂಟೀನಿನವರೆಗೆ ಚಾಲ್ತಿಯಲ್ಲಿದೆ. ಕಾಲಮಿತಿ ಎಂಬುದು ಇದೆ, ಆದರೆ ಅದು ಕೋರ್ಟು ಕೇಸನ್ನು ಕೈಗೆತ್ತಿಕೊಳ್ಳುವುದಕ್ಕೆ ಸಂಬಂಧಿಸಿದ್ದು. ಅದೂ ಗರಿಷ್ಠ ಮೂರು ವರ್ಷದವರೆಗಿನ ಶಿಕ್ಷೆಯ ಸಣ್ಣ ಅಪರಾಧಗಳಿಗೆ ಮಾತ್ರ. ಕೈಗೆತ್ತಿಕೊಂಡ ಕೇಸಿನ ಆರೋಪಿ ತಲೆಮರೆಸಿಕೊಂಡರೆ ಅದು ಎಲ್‌ಪಿಸಿ, ಅಂದರೆ ಬಹುಕಾಲದಿಂದ ಬಾಕಿ ಉಳಿದ ಕೇಸುಗಳ ಪಟ್ಟಿಗೆ ಸೇರಿ ಹಾಗೇ ಕಾಯುತ್ತಾ ಇರುತ್ತದೆ. ಕರಾವಳಿಯ ಪತ್ರಿಕೆ ಓದುವವರಿಗೆ ಇದು ಹೊಸದಲ್ಲ. ಊರಲ್ಲಿ ಹೊಡೆದಾಟದ ಕೇಸು ಇದ್ದಂತೆಯೇ ಗಲ್ಫಿಗೆ ಹೋಗಿ, ಎಷ್ಟೋ ವರ್ಷದ ಮೇಲೆ ರಜೆಗೆ ಬಂದಾಗ ವಿಮಾನ ನಿಲ್ದಾಣದಲ್ಲೇ ಸಿಕ್ಕಿಬೀಳುವವರ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಜಾಮೀನಿನ ಮೇಲಿದ್ದು ಹಾಜರಾಗದೇ ಇರುವುದು ತಾನೇ ಒಂದು ಬೇರೆ ಅಪರಾಧ. ವಕೀಲರೊಬ್ಬರನ್ನು ಹಿಡಿದು, ತಾನಾಗಿ ಕೋರ್ಟಿಗೆ ಹಾಜರಾಗಿ ವಾರಂಟ್ ಹಿಂಪಡೆಯಲು ಅರ್ಜಿ ಹಾಕಿದವನನ್ನೂ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದವನನ್ನೂ ನ್ಯಾಯಾಧೀಶರು ಒಂದೇ ರೀತಿ ನೋಡುವುದಿಲ್ಲ.

‘ಕೇಸಿದ್ದರೆ ಪಾಸ್‌ಪೋರ್ಟೇ ಸಿಗುವುದಿಲ್ಲ’ ಎಂಬುದು ಮಾತ್ರ ಜನ ಅನಗತ್ಯವಾಗಿ ಹೆದರುವ ವಿಷಯ. ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ಬಾಕಿ ಇದ್ದರೆ ಪಾಸ್‌ಪೋರ್ಟ್ ನಿರಾಕರಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ಬರೀ ಎಫ್‌ಐಆರ್ ಎಂದರೆ ಕೋರ್ಟಿನಲ್ಲಿ ಬಾಕಿ ಇರುವ ಕೇಸಲ್ಲ ಎಂದು ಹೈಕೋರ್ಟುಗಳು ಹೇಳಿವೆ. ಕೇಸು ನಡೆಯುತ್ತಿದ್ದರೂ ಆ ಕೋರ್ಟಿನಿಂದ ಅನುಮತಿ ತಂದರೆ 1993ರ ಅಧಿಸೂಚನೆಯಂತೆ ಪಾಸ್‌ಪೋರ್ಟ್ ಕೊಡುತ್ತಾರೆ. ಅನುಮತಿಯಲ್ಲಿ ಅವಧಿ ನಮೂದಿಸದಿದ್ದರೆ ಒಂದು ವರ್ಷಕ್ಕೆ ಮಾತ್ರ, ಹಾಗಾಗಿ ಅವಧಿಯನ್ನು ಆದೇಶದಲ್ಲೇ ಬರೆಸಿಕೊಳ್ಳಬೇಕು. ಮುಚ್ಚಿಟ್ಟು ಪಡೆದರೆ ಎರಡು ವರ್ಷದವರೆಗೆ ಜೈಲಾಗಬಹುದು. ವೀಸಾ ಬೇರೆಯೇ ಲೋಕ. ಅಮೆರಿಕದ ಅರ್ಜಿ ಶಿಕ್ಷೆಯನ್ನು ಮಾತ್ರವಲ್ಲ, ಬಂಧನವನ್ನೂ ಕೇಳುತ್ತದೆ, ಕ್ಷಮಾದಾನ ಸಿಕ್ಕಿದ್ದರೂ ಹೇಳಬೇಕು ಎನ್ನುತ್ತದೆ. ಕೆನಡಾ 2018ರ ಡಿಸೆಂಬರ್‌ನಿಂದ ಕುಡಿದು ವಾಹನ ಓಡಿಸುವುದನ್ನು ಗಂಭೀರ ಅಪರಾಧಗಳ ಸಾಲಿಗೆ ಸೇರಿಸಿದೆ. ಬೆಂಗಳೂರಿನ ಶನಿವಾರ ರಾತ್ರಿಯ ಕೇಸೊಂದು ಟೊರಾಂಟೊದ ಕೆಲಸಕ್ಕೆ ಅಡ್ಡ ಬರಬಹುದೆಂದು ಆ ರಾತ್ರಿ ಯಾರಿಗೂ ಹೊಳೆದಿರುವುದಿಲ್ಲ.

ಇನ್ನು ರೌಡಿ ಶೀಟ್. ‘ಅವನು ರೌಡಿಶೀಟರ್’ ಎಂದರೆ ಕೋರ್ಟು ಅವನನ್ನು ಅಪರಾಧಿ ಎಂದಿದೆ ಎಂದೇ ಜನ ತಿಳಿಯುತ್ತಾರೆ. ಅದು ಪೊಲೀಸರು ಇಟ್ಟುಕೊಳ್ಳುವ ನಿಗಾ ಪಟ್ಟಿ, ತೀರ್ಪಲ್ಲ. ಒಂದೇ ಒಂದು ಶಿಕ್ಷೆಯೂ ಆಗದವನ ಹೆಸರಲ್ಲಿ ಅದು ತೆರೆದಿರಬಹುದು. ಪಟ್ಟಿಗೆ ಸೇರಿಸುವ ಮೊದಲು ಆ ವ್ಯಕ್ತಿಗೆ ತಿಳಿಸಿ ಅವನ ಮಾತು ಕೇಳಬೇಕೆಂದು ನಮ್ಮ ಹೈಕೋರ್ಟ್ 2022ರಲ್ಲಿ ಮಾರ್ಗಸೂಚಿ ಕೊಟ್ಟಿದೆ. ವರ್ಷಗಟ್ಟಲೆ ಯಾವ ತಂಟೆಯೂ ಇಲ್ಲದೆ ಬದುಕುತ್ತಿರುವವರು ಹೆಸರು ತೆಗೆಯಿರೆಂದು ಕೇಳಬಹುದು, ಕೇಳಲೇಬೇಕು. ಚುನಾವಣೆ ಬಂದಾಗಲೆಲ್ಲ ಮಕ್ಕಳ ಕಣ್ಣೆದುರು ಠಾಣೆಯ ಮುಂದೆ ಸಾಲಾಗಿ ನಿಲ್ಲುವ ಅವಮಾನವನ್ನು ಹಣೆಬರಹವೆಂದು ಸಹಿಸಿಕೊಳ್ಳಬೇಕಾಗಿಲ್ಲ.

ಇಷ್ಟೆಲ್ಲ ಆದ ಮೇಲೂ ಹಳೆಯ ದಾಖಲೆ ಯಾವಾಗ ಅಳಿಸುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ. ಬ್ರಿಟನ್ನಿನಲ್ಲಿ 1974ರ ಕಾಯ್ದೆಯೊಂದಿದೆ. ನಿಗದಿತ ಅವಧಿ ತಂಟೆಯಿಲ್ಲದೆ ಕಳೆದರೆ ಹಲವು ಬಗೆಯ ಶಿಕ್ಷೆಗಳನ್ನು ಸಾಮಾನ್ಯ ಕೆಲಸಗಳ ಅರ್ಜಿಯಲ್ಲಿ ಹೇಳಬೇಕಾಗಿಯೇ ಇಲ್ಲ. ನಮ್ಮಲ್ಲಿ ವಯಸ್ಕರಿಗೆ ಅಂಥ ಸಾಮಾನ್ಯ ಕಾನೂನು ಇಲ್ಲ. ಬದಲಿಗೆ 2022ರ ಕಾಯ್ದೆಯಂತೆ ಪೊಲೀಸರು ತೆಗೆದುಕೊಂಡ ಬೆರಳಚ್ಚು, ಫೋಟೊ ಮುಂತಾದವು 75 ವರ್ಷ ಉಳಿಯುತ್ತವೆ. ಹಿಂದೆ ಶಿಕ್ಷೆಯಾಗದವರು ಎಲ್ಲ ಮೇಲ್ಮನವಿಗಳ ನಂತರ ಖುಲಾಸೆಯಾದರೆ, ಕೋರ್ಟು ಬೇರೆ ಹೇಳದ ಹೊರತು, ಅವುಗಳನ್ನು ನಾಶಮಾಡಬೇಕು. ಹಳೆಯ ಶಿಕ್ಷೆಯನ್ನು ಮರೆಯುವ ಕಾನೂನು ಇಲ್ಲದಿರುವುದು ನಮ್ಮ ಶಾಸನಸಭೆಗಳ ದೊಡ್ಡ ಲೋಪ. ಹತ್ತು ವರ್ಷ ದುಡಿದು ತಿಂದವನ ಬೆನ್ನಿಗೆ ಹತ್ತೊಂಬತ್ತರ ಇಸ್ಪೀಟಿನ ಕೇಸು ಅಂಟಿಕೊಂಡೇ ಇರಬೇಕೆಂದು ಯಾವ ನ್ಯಾಯ ಹೇಳುತ್ತದೆ?

ಒಂದು ಬಾಗಿಲು 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಲ್ಲಿದೆ. ಮೊದಲ ಸಲದ ಸಣ್ಣ ಅಪರಾಧಕ್ಕೆ ಜೈಲು, ದಂಡದ ಬದಲು ಎಚ್ಚರಿಕೆ ಕೊಟ್ಟು ಅಥವಾ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಲು ಕೋರ್ಟಿಗೆ ಅಧಿಕಾರವಿದೆ. ಹಾಗೆ ಬಿಟ್ಟವರಿಗೆ ಆ ಶಿಕ್ಷೆಯಿಂದ ಬರುವ ಅನರ್ಹತೆ ತಟ್ಟುವುದಿಲ್ಲವೆಂದು ಕಲಂ 12 ಹೇಳುತ್ತದೆ. ತಪ್ಪು ನಡೆದದ್ದೇ ಸುಳ್ಳೆಂದು ಅದು ಹೇಳುವುದಿಲ್ಲ, ಆದರೂ ದಂಡದ ರಸೀದಿಗಿಂತ ಎಷ್ಟೋ ಮೇಲು. ತಪ್ಪೊಪ್ಪಿಕೊಳ್ಳುವುದೇ ಆದರೆ ಇದನ್ನು ಕೇಳಿಕೊಂಡು ಒಪ್ಪಬೇಕು. ತಾಲ್ಲೂಕು ಕೋರ್ಟುಗಳಲ್ಲಿ ಕಾನೂನು ಸೇವಾ ಸಮಿತಿಯವರು ಇರುತ್ತಾರೆ. ವರ್ಷದ ಆದಾಯ ಕಡಿಮೆ ಇರುವವರು, ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು ಅಲ್ಲಿ ಅರ್ಜಿ ಕೊಟ್ಟರೆ ವಕೀಲರನ್ನು ಉಚಿತವಾಗಿ ಕೊಡುತ್ತಾರೆ.

ಇನ್ನೊಂದು ಬಾಗಿಲು ಹದಿನೆಂಟು ತುಂಬದವರದು, ಅದು ನಿಜಕ್ಕೂ ದೊಡ್ಡದು. 2015ರ ಬಾಲನ್ಯಾಯ ಕಾಯ್ದೆಯ ಕಲಂ 24ರ ಪ್ರಕಾರ, ಆ ವಯಸ್ಸಿನಲ್ಲಿ ಮಾಡಿದ ತಪ್ಪಿನಿಂದ ಮುಂದೆ ಯಾವ ಅನರ್ಹತೆಯೂ ಬರಬಾರದು, ಮೇಲ್ಮನವಿಯ ಅವಧಿ ಮುಗಿದ ಮೇಲೆ ದಾಖಲೆಯನ್ನೇ ನಾಶಮಾಡಬೇಕು. ಹದಿನಾರು ದಾಟಿ ಘೋರ ಅಪರಾಧದಲ್ಲಿ ವಯಸ್ಕರಂತೆ ವಿಚಾರಣೆ ನಡೆದು ತಪ್ಪಿತಸ್ಥರೆನಿಸಿಕೊಂಡವರಿಗಷ್ಟೇ ಈ ರಕ್ಷಣೆ ಇಲ್ಲ. ಆದರೂ ಎಷ್ಟೋ ಠಾಣೆಗಳಲ್ಲಿ ಹಳೆಯ ನಮೂದು ಹಾಗೇ ಉಳಿದಿದ್ದು, ಪರಿಶೀಲನೆಯ ಪತ್ರಕ್ಕೆ ಉತ್ತರವಾಗಿ ಹೋಗಿಬಿಡುತ್ತದೆ. ಅಂಥ ಮಕ್ಕಳ ತಂದೆತಾಯಿಗಳು, ಪ್ರಕರಣ ಮುಗಿದಾಗಲೇ, ಮಗ ಕೆಲಸಕ್ಕೆ ಅರ್ಜಿ ಹಾಕುವವರೆಗೆ ಕಾಯದೆ, ದಾಖಲೆ ನಾಶಮಾಡಿಸಿ ಕೊಡಿ ಎಂದು ಬಾಲನ್ಯಾಯ ಮಂಡಳಿಗೆ ಲಿಖಿತ ಅರ್ಜಿ ಕೊಟ್ಟು, ಆದೇಶದ ನಕಲನ್ನು ಶಾಲೆಯ ಅಂಕಪಟ್ಟಿಗಳ ಜೊತೆಯಲ್ಲೇ ತೆಗೆದಿಡಬೇಕು.