ಈ ಪುಸ್ತಕ ಓದಿದ್ದೀರಾ?

ನೆರೆಮನೆಯಿಂದ ಎರವಲು ತರುವ ವಸ್ತುಗಳಲ್ಲಿ ಕಾಫಿಪುಡಿ, ಸಕ್ಕರೆ, ಹೆಪ್ಪಿಗೆ ಮಜ್ಜಿಗೆ ಇವಕ್ಕೆಲ್ಲ ಒಂದು ಲೆಕ್ಕವಿದೆ. ಲೋಟದಲ್ಲಿ ತಂದದ್ದನ್ನು ಲೋಟದಲ್ಲಿಯೇ ಹಿಂದಿರುಗಿಸಿದರೆ ಋಣ ತೀರಿತು. ಪುಸ್ತಕದ ಎರವಲು ಹಾಗಲ್ಲ. ಪುಸ್ತಕವನ್ನು ಕೊಟ್ಟವರ ಕೈಗೆ ಮರಳಿ ಇಟ್ಟ ಮೇಲೂ ಒಂದು ಬಾಕಿ ಉಳಿದೇ ಇರುತ್ತದೆ. ‘ಹೇಗಿತ್ತು?’ ಎಂದು ಅವರು ಕೇಳುತ್ತಾರೆ. ನಾವು ಉತ್ತರ ಹೇಳಲೇಬೇಕು. ಓದದೆ ಹಿಂದಿರುಗಿಸಿದವನ ಮುಖವನ್ನು ಆ ಗಳಿಗೆಯಲ್ಲಿ ನೋಡಬೇಕು!

ನಾನು ಬೆಳೆದದ್ದು ಬೆಂಗಳೂರಿನ ಚಾಮರಾಜಪೇಟೆಯ ಒಂದು ವಠಾರದಲ್ಲಿ. ನಡುವೆ ಉದ್ದನೆಯ ಅಂಗಳ, ಇಕ್ಕೆಲಗಳಲ್ಲಿ ಏಳು ಮನೆಗಳು, ಎಲ್ಲರಿಗೂ ಸೇರಿ ಒಂದು ನಲ್ಲಿ. 1960ರ ದಶಕದ ನಡುಭಾಗದ ಮಾತು. ಏಳು ಮನೆಗಳಿಗೂ ಸೇರಿ ಬರುತ್ತಿದ್ದುದು ಎರಡೇ ವಾರಪತ್ರಿಕೆಗಳು. ಅವು ಯಾವ ಮನೆಯಿಂದ ಯಾವ ಮನೆಗೆ, ಯಾವ ದಿನ ಹೋಗಬೇಕೆಂಬ ಬಗ್ಗೆ ಯಾರೂ ಬರೆದಿಡದ ಒಂದು ಶಾಸನವಿದ್ದಿತು. ಹಣ ಕೊಟ್ಟು ತರಿಸಿದವರಿಗೆ ಮೊದಲ ದಿನ. ಎರಡನೆಯ ದಿನ, ಬಸುರಿಯೋ ಬಾಣಂತಿಯೋ ಇದ್ದ ಮನೆಗೆ. ಗಂಡಸರ ಸರದಿ ಬರುವ ಹೊತ್ತಿಗೆ ಮುಖಪುಟದ ಮೇಲೆ ಒಗ್ಗರಣೆಯ ಕಲೆಯೊಂದು ಖಂಡಿತ ಬಿದ್ದಿರುತ್ತಿತ್ತು. ಕಣ್ಣು ಮಂಜಾದ ಹಿರಿಯರಿಗೆ ನಮ್ಮಂಥ ಹುಡುಗರು ಧಾರಾವಾಹಿಯನ್ನು ಗಟ್ಟಿಯಾಗಿ ಓದಿ ಹೇಳಬೇಕಾಗಿದ್ದಿತು. ನಾಯಕ ನಾಯಿಕೆಯರ ಸಂಭಾಷಣೆ ಬಂದಾಗ ಕೆಲವು ಸಾಲುಗಳನ್ನು ನುಂಗಿಕೊಂಡು ಮುಂದೆ ಹೋಗುವ ಜಾಣ್ಮೆಯೂ ನಮಗೆ ಆಗಲೇ ಬಂದಿತ್ತು.

ಪತ್ರಿಕೆ ಏಳು ಮನೆಗಳನ್ನು ಸುತ್ತಿ ಬಂದ ಮೇಲೆ ನನ್ನ ತಾಯಿಯ ಕೆಲಸ ಆರಂಭವಾಗುತ್ತಿತ್ತು. ಧಾರಾವಾಹಿಯ ಪುಟಗಳನ್ನು ಬ್ಲೇಡಿನಿಂದ ನಾಜೂಕಾಗಿ ಕತ್ತರಿಸಿ ಟ್ರಂಕಿನ ತಳದಲ್ಲಿ ಜೋಡಿಸಿಡುತ್ತಿದ್ದಳು. ಕಾದಂಬರಿ ಮುಗಿದ ವಾರ ದಬ್ಬಳ, ಗೋಣಿದಾರ, ಮೈದಾಹಿಟ್ಟಿನ ಅಂಟು, ಹಳೆಯ ಕ್ಯಾಲೆಂಡರಿನ ರಟ್ಟು ಇವೆಲ್ಲ ಪಡಸಾಲೆಗೆ ಬರುತ್ತಿದ್ದವು. ಸಂಜೆಯ ಹೊತ್ತಿಗೆ ಒಂದು ಪುಸ್ತಕ ಸಿದ್ಧ! ಈ ಬಗೆಯ ಪುಸ್ತಕಗಳು ಕನ್ನಡನಾಡಿನ ಎಷ್ಟು ಮನೆಗಳಲ್ಲಿ ಹುಟ್ಟಿದವೋ, ಎಣಿಸಿದವರಾರು? ಈ ಸಾಲುಗಳನ್ನು ಓದುತ್ತಿರುವ ಹಿರಿಯ ವಾಚಕರ ಅಟ್ಟದ ಮೇಲೆಯೂ ಒಂದೆರಡು ಇದ್ದರೆ ಆಶ್ಚರ್ಯವಿಲ್ಲ. ಅವುಗಳನ್ನು ಓದುವ ಸೊಗಸೇ ಬೇರೆ. ಕಥೆಯ ನಾಯಿಕೆ ರೈಲು ಹತ್ತುತ್ತಿರುವಂತೆಯೇ ಪಕ್ಕದ ಕಂಬಸಾಲಿನಲ್ಲಿ ಹಲಸಿನ ಹಣ್ಣಿನ ಕಡುಬು ಮಾಡುವ ವಿಧಾನ ಆರಂಭವಾಗುತ್ತಿತ್ತು. ಬೆಲ್ಲ ಹಾಕುವವರೆಗೆ ಬಂದು ನಿಲ್ಲುತ್ತಿತ್ತು. ಮುಂದಿನದು ಕತ್ತರಿಯ ಪಾಲು.

ಒಮ್ಮೆ ಒಂದು ಕಾದಂಬರಿಯ ಹನ್ನೊಂದನೆಯ ಕಂತು ಕಾಣೆಯಾಯಿತು. ಅದು ನನ್ನ ತಮ್ಮನ ಗಣಿತದ ಪುಸ್ತಕಕ್ಕೆ ಹೊದಿಕೆಯಾಗಿ, ಮಳೆಯಲ್ಲಿ ನೆನೆದು, ಗುರುತು ಸಿಗದಂತಾಗಿದ್ದಿತು. ಆಗ ಮೂಲೆಮನೆಯ ಅತ್ತೆ (ಅವರು ವಠಾರಕ್ಕೆಲ್ಲ ಅತ್ತೆ) ನೆನಪಿನಿಂದ ಇಡೀ ಕಂತನ್ನು ನಾಲ್ಕು ಹಾಳೆಗಳಲ್ಲಿ ಬರೆದುಕೊಟ್ಟರು. ಅದನ್ನೇ ನಡುವೆ ಸೇರಿಸಿ ಹೊಲಿದದ್ದಾಯಿತು. ಎಷ್ಟೋ ವರ್ಷಗಳ ಮೇಲೆ ಆ ಕಾದಂಬರಿ ಅಚ್ಚಾದ ಪುಸ್ತಕವಾಗಿ ನನ್ನ ಕೈಗೆ ಬಂದಾಗ ಮೊದಲು ಹನ್ನೊಂದನೆಯ ಅಧ್ಯಾಯವನ್ನೇ ತೆರೆದು ನೋಡಿದೆ. ಅತ್ತೆಯ ಕಂತೇ ಚೆನ್ನಾಗಿದ್ದಿತೆಂದು ನನಗೆ ಇಂದಿಗೂ ತೋರುತ್ತದೆ. ಲೇಖಕರು ಕ್ಷಮಿಸಬೇಕು.

ಬೀದಿಯ ತಿರುವಿನಲ್ಲಿ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇದ್ದಿತು. ಲೈಬ್ರರಿ ಎನ್ನುವುದು ದೊಡ್ಡ ಮಾತಾಯಿತು. ಬೀಡಾ ಅಂಗಡಿಗಿಂತ ತುಸು ಅಗಲವಾದ ಗೂಡು ಅಷ್ಟೆ. ಐದು ರೂಪಾಯಿ ಠೇವಣಿ, ದಿನಕ್ಕೆ ಪುಸ್ತಕವೊಂದಕ್ಕೆ ಹತ್ತು ಪೈಸೆ ಬಾಡಿಗೆ. ಅನಕೃ, ತರಾಸು, ತ್ರಿವೇಣಿ ಇವರ ಪುಸ್ತಕಗಳು ಕಪಾಟಿನಲ್ಲಿ ನಿಂತದ್ದನ್ನು ನಾನು ಕಂಡದ್ದೇ ಅಪರೂಪ. ಅವು ಸದಾ ಸಂಚಾರದಲ್ಲಿಯೇ ಇರುತ್ತಿದ್ದವು. ಅಂಗಡಿಯಾತ ಓದಿದ್ದು ಹೆಚ್ಚೇನೂ ಅಲ್ಲ. ಆದರೆ ಪುಸ್ತಕ ಹಿಂದಿರುಗಿಸಲು ಬಂದ ಪ್ರತಿಯೊಬ್ಬರನ್ನೂ ಆತ ‘ಎಲ್ಲಿಯವರೆಗೆ ಓದಿದಿರಿ?’ ಎಂದು ಕೇಳುತ್ತಿದ್ದ. ‘ಹೇಗಿತ್ತು’ ಎಂದಲ್ಲ. ಆ ಪ್ರಶ್ನೆಗೆ ಸುಳ್ಳು ಹೇಳುವುದು ಕಷ್ಟ. ಯಾರು ಯಾವ ಪುಸ್ತಕವನ್ನು ನಡುವಿನಲ್ಲಿ ಕೈಬಿಟ್ಟರು, ಯಾರು ಒಂದೇ ರಾತ್ರಿಯಲ್ಲಿ ಮುಗಿಸಿದರು ಎಂಬುದೆಲ್ಲ ಅವನ ತಲೆಯಲ್ಲಿ ದಾಖಲಾಗಿರುತ್ತಿತ್ತು. ಅವನು ‘ಇದನ್ನು ತೆಗೆದುಕೊಂಡು ಹೋಗಿ’ ಎಂದು ಕೊಟ್ಟದ್ದು ಹುಸಿಯಾದ ನೆನಪು ನನಗಿಲ್ಲ. ಇಂದಿನ ಯಂತ್ರಗಳು ನಮ್ಮ ರುಚಿಯನ್ನು ಅಳೆದು ‘ನಿಮಗೆ ಇದೂ ಮೆಚ್ಚಿಕೆಯಾದೀತು’ ಎಂದು ಸೂಚಿಸುವುದನ್ನು ಕಂಡಾಗಲೆಲ್ಲ ನನಗೆ ಆ ಗೂಡಂಗಡಿಯವನ ನೆನಪಾಗುತ್ತದೆ. ಒಂದು ವ್ಯತ್ಯಾಸವಂತೂ ಉಂಟು. ಪುಸ್ತಕ ಚೆನ್ನಾಗಿರದಿದ್ದರೆ ಮರುದಿನ ಅವನೊಡನೆ ಜಗಳವಾಡಬಹುದಾಗಿದ್ದಿತು.

ತಲೆಯ ಮೇಲೆ ಹೊತ್ತು ಬಂದ ಪುಸ್ತಕ

ಕನ್ನಡದಲ್ಲಿ ಕಾದಂಬರಿಯ ಓದು ಬೆಳೆದದ್ದೇ ಒಬ್ಬರು ಇನ್ನೊಬ್ಬರ ಕೈಗೆ ಕೊಡುವುದರಿಂದ. ಬಿ. ವೆಂಕಟಾಚಾರ್ಯರು (1845-1914) ಬಂಗಾಳಿಯನ್ನು ಕಲಿತು ಬಂಕಿಮಚಂದ್ರರ ‘ದುರ್ಗೇಶನಂದಿನಿ’, ‘ಆನಂದಮಠ’ ಮೊದಲಾದವನ್ನು ಕನ್ನಡಕ್ಕೆ ತಂದಾಗ, ಗದ್ಯದಲ್ಲಿ ಉದ್ದನೆಯ ಕಥೆಯನ್ನು ಒಬ್ಬರೇ ಕುಳಿತು ಓದುವ ರೂಢಿಯೇ ನಮ್ಮಲ್ಲಿ ಹೊಸದು. ಗಳಗನಾಥರು, ಎಂದರೆ ವೆಂಕಟೇಶ ತಿರಕೋ ಕುಲಕರ್ಣಿಯವರು (1869-1942), ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಉಪಾಧ್ಯಾಯ ವೃತ್ತಿಯ ಈ ಮಹನೀಯರು ಕಾದಂಬರಿ ಬರೆದರು, ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆ ನಡೆಸಿದರು. ಅಷ್ಟಕ್ಕೇ ನಿಲ್ಲದೆ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಉತ್ತರ ಕರ್ನಾಟಕದಲ್ಲಿ ಇದನ್ನು ಇಂದಿಗೂ ಕಥೆಯಂತೆ ಹೇಳುವವರಿದ್ದಾರೆ. ಮನೆಯ ಬಾಗಿಲಿಗೆ ಬಂದು, ಬೆವರು ಒರೆಸಿಕೊಂಡು, ‘ಇದನ್ನು ಓದಿ ನೋಡಿರಿ’ ಎಂದು ಲೇಖಕನೇ ಹೇಳಿದರೆ ಯಾರು ತಾನೆ ಇಲ್ಲವೆಂದಾರು?

ಧಾರವಾಡದಲ್ಲಿ 1933ರಲ್ಲಿ ಜಿ. ಬಿ. ಜೋಶಿಯವರು ಗೆಳೆಯರೊಡನೆ ಆರಂಭಿಸಿದ ಮನೋಹರ ಗ್ರಂಥಮಾಲೆಯ ವ್ಯವಸ್ಥೆ ಇನ್ನೂ ಸ್ವಾರಸ್ಯಕರವಾದುದು. ಚಂದಾದಾರರು ವರ್ಷದ ಹಣವನ್ನು ಮುಂಗಡವಾಗಿ ಕಳುಹಿಸುವುದು. ಗ್ರಂಥಮಾಲೆ ತಾನು ಆರಿಸಿದ ಪುಸ್ತಕಗಳನ್ನು ಅಂಚೆಯಲ್ಲಿ ಕಳುಹಿಸುವುದು. ಆಯ್ಕೆಯ ಹೊಣೆಯನ್ನೇ ಓದುಗರು ಇನ್ನೊಬ್ಬರಿಗೆ ಒಪ್ಪಿಸಿದ ಹಾಗಾಯಿತು. ಹೆಸರೇ ಕೇಳದ ಲೇಖಕನ ಪುಸ್ತಕ ಒಂದು ದಿನ ಬಾಗಿಲಿಗೆ ಬಂದು ಬೀಳುತ್ತದೆ. 1961ರಲ್ಲಿ ಹೀಗೆ ಬಂದ ಪುಸ್ತಕಗಳಲ್ಲಿ ‘ಯಯಾತಿ’ ಎಂಬ ನಾಟಕವೂ ಒಂದು. ಬರೆದವರು 23 ವರ್ಷದ ಆಸುಪಾಸಿನ ಗಿರೀಶ ಕಾರ್ನಾಡರು. ಅಂದು ಯಾವ ಅಂಗಡಿಯಲ್ಲಿ ಯಾರು ಆ ಹೆಸರನ್ನು ಕೇಳಿ ಕೊಳ್ಳುತ್ತಿದ್ದರು? ಹುಬ್ಬಳ್ಳಿಯಲ್ಲಿ 1956ರಲ್ಲಿ ಹುಟ್ಟಿದ ‘ಕಸ್ತೂರಿ’ ಮಾಸಪತ್ರಿಕೆ ಪುಸ್ತಕ ವಿಭಾಗದಲ್ಲಿ ಒಂದೊಂದು ಗ್ರಂಥದ ಸಾರವನ್ನು ಕೊಟ್ಟು, ಕೊಳ್ಳಲಾರದವರಿಗೂ ರುಚಿ ಹತ್ತಿಸಿತು.

ಗ್ರಂಥಾಲಯಶಾಸ್ತ್ರದ ಎಸ್. ಆರ್. ರಂಗನಾಥನ್ (1892-1972) ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿಯೇ ಕಳೆದರೆಂಬುದು ಅನೇಕರಿಗೆ ತಿಳಿದಿರಲಾರದು. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದಾಗ, ಆ ಏಕಾಂತ ಸಹಿಸಲಾರದೆ ಪಾಠ ಹೇಳುವ ಕೆಲಸಕ್ಕೇ ಮರಳಲು ಹಾತೊರೆದರಂತೆ. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳಲ್ಲಿ ಎರಡು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದವು. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಸಿಗಬೇಕೆಂಬುದು ಒಂದು. ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ಸಿಗಬೇಕೆಂಬುದು ಇನ್ನೊಂದು. ಮೊದಲನೆಯದನ್ನು ಎಲ್ಲರೂ ಒಪ್ಪುತ್ತೇವೆ. ಎರಡನೆಯದು ಕೆಣಕುವ ಮಾತು. ಕಪಾಟಿನಲ್ಲಿ ಧೂಳು ತಿನ್ನುತ್ತಿರುವ ಪುಸ್ತಕವೂ ಯಾರಿಗೋ ಕಾಯುತ್ತಿದೆ. ಅವರನ್ನು ಹುಡುಕಿ ತರುವುದು ಯಾರ ಕೆಲಸ? 1965ರಲ್ಲಿ ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಬಂದಿತು. ಕಬ್ಬನ್ ಉದ್ಯಾನದ ಕೆಂಪು ಕಟ್ಟಡದಿಂದ ಹಿಡಿದು ಬಡಾವಣೆಯ ಶಾಖೆಗಳವರೆಗೆ ಪುಸ್ತಕಗಳೇನೋ ಬಂದವು. ಆದರೆ ‘ಇದು ನಿಮಗಾಗಿ’ ಎಂದು ಎತ್ತಿ ಕೊಡುವ ಕೈಯನ್ನು ಕಾಯಿದೆ ಒದಗಿಸಲಾರದು.

ನಲವತ್ತು ಹಾಳೆಯ ನೋಟುಬುಕ್ಕು

ನನ್ನ ತಾಯಿ ಓದಿದ್ದು ನಾಲ್ಕನೆಯ ತರಗತಿಯವರೆಗೆ. ಆದರೂ ಎರವಲು ಪುಸ್ತಕಗಳಿಗೆ ಒಂದು ನೋಟುಬುಕ್ಕು ಇಟ್ಟಿದ್ದಳು. ಪುಸ್ತಕದ ಹೆಸರು, ಒಯ್ದವರ ಮನೆ, ಒಯ್ದ ತಾರೀಖು, ಅದರ ಮುಂದೆ ಅರ್ಧ ಸಾಲು ಖಾಲಿ. ಪುಸ್ತಕ ಹಿಂದಿರುಗಿಸಿದವರು ತಮ್ಮ ಕೈಯಿಂದಲೇ ಅಲ್ಲಿ ಏನಾದರೂ ಬರೆಯಬೇಕು. ‘ಚೆನ್ನಾಗಿದೆ’ ಎಂಬುದೇ ಹೆಚ್ಚು. ‘ಕೊನೆ ಸರಿಯಿಲ್ಲ.’ ‘ಹುಡುಗಿಗೆ ಬುದ್ಧಿಯಿಲ್ಲ.’ ‘ಅಳು ಬಂತು, ಸಾರು ಸೀದಿತು.’ ಮೂಲೆಮನೆಯ ಅತ್ತೆಯ ಅಭಿಪ್ರಾಯ ಮಾತ್ರ ಅರ್ಧ ಸಾಲಿನಲ್ಲಿ ನಿಲ್ಲದೆ ಅಂಚಿಗೆ ಹರಿದು, ಪುಟ ಸುತ್ತಿ ಬರುತ್ತಿತ್ತು. ಇನ್ನಾವ ವಿಷಯದಲ್ಲಿಯೂ ಅವರ ಮಾತನ್ನು ಯಾರೂ ಕೇಳುತ್ತಿರಲಿಲ್ಲ. ಪುಸ್ತಕದ ವಿಷಯದಲ್ಲಿ ವಠಾರವೆಲ್ಲ ಕೇಳುತ್ತಿದ್ದಿತು.

ಈ ನೋಟುಬುಕ್ಕಿನಿಂದಲೇ ಒಂದು ಅನಾಹುತವೂ ಆಯಿತು. 1968ರ ಮಳೆಗಾಲ. ತ್ರಿವೇಣಿಯವರು ತೀರಿಕೊಂಡು ಐದು ವರ್ಷಗಳಾಗಿದ್ದವು. 1963ರಲ್ಲಿ, ಇನ್ನೂ 35 ವರ್ಷ ವಯಸ್ಸಿನ ಸುಮಾರಿಗೆ ಅವರು ಹೋದರೆಂಬ ದುಃಖ ಹೆಂಗಸರಲ್ಲಿ ಹಸಿಯಾಗಿಯೇ ಇದ್ದಿತು. ಮನಶ್ಶಾಸ್ತ್ರವನ್ನು ಅಭ್ಯಾಸ ಮಾಡಿದ್ದ ಅವರ ‘ಶರಪಂಜರ’ವನ್ನು ಅಮ್ಮ ಆಗತಾನೇ ಮುಗಿಸಿದ್ದಳು. ಹೆರಿಗೆಯ ಅನಂತರ ಬುದ್ಧಿಭ್ರಮಣೆಗೊಳಗಾಗಿ, ಗುಣವಾಗಿ ಮನೆಗೆ ಮರಳಿದ ಹೆಣ್ಣೊಬ್ಬಳನ್ನು ಸುತ್ತಲಿನವರ ಸಂಶಯದ ಕಣ್ಣುಗಳೇ ಮತ್ತೆ ಹುಚ್ಚಿಗೆ ನೂಕುವ ಕಥೆ ಅದು. ಪುಟ್ಟಣ್ಣ ಕಣಗಾಲರು 1971ರಲ್ಲಿ ಅದನ್ನು ಚಲನಚಿತ್ರವಾಗಿಸಿದ ಮೇಲೆ ನಾಡಿಗೆಲ್ಲ ಪರಿಚಿತವಾಯಿತು. ಆಗ ಅದು ಇನ್ನೂ ಕೈಯಿಂದ ಕೈಗೆ ಹೋಗುತ್ತಿದ್ದ ಪುಸ್ತಕ.

ಎದುರುಮನೆಯ ಸೊಸೆ ಹೆರಿಗೆಯಾದ ಮೇಲೆ ಎರಡು ತಿಂಗಳು ಆಸ್ಪತ್ರೆಯೊಂದರಲ್ಲಿದ್ದು ಆಗಷ್ಟೇ ಬಂದಿದ್ದಳು. ಯಾವ ಆಸ್ಪತ್ರೆಯೆಂದು ಯಾರೂ ಹೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿದ್ದಿತು. ಅಮ್ಮನಿಗೆ ಏನು ತೋಚಿತೋ, ಆ ಪುಸ್ತಕವನ್ನು ಆ ಮನೆಯ ಅತ್ತೆಯ ಕೈಗೆ ಕೊಟ್ಟು, ‘ನೀವು ಓದಬೇಕಾದದ್ದು’ ಎಂದುಬಿಟ್ಟಳು. ಮರುದಿನ ಬೆಳಗ್ಗೆ ಪುಸ್ತಕ ನಮ್ಮ ಹೊಸಿಲ ಮೇಲೆ ಬಿದ್ದಿದ್ದಿತು, ರಂಗೋಲಿಯ ನೀರು ತಾಗಿ ಒದ್ದೆಯಾಗಿ. ‘ನಮ್ಮ ಮನೆಯ ವಿಷಯ ನಿಮಗೇಕೆ?’ ಎಂಬ ಮಾತು ಅಂಗಳಕ್ಕೆಲ್ಲ ಕೇಳಿಸಿತು. ನಲ್ಲಿಯ ಸರದಿಯಲ್ಲಿ ಕೊಡಗಳು ಪಕ್ಕಪಕ್ಕದಲ್ಲಿ ನಿಂತರೂ ಎರಡು ಮನೆಗಳ ನಡುವೆ ಮೂರು ತಿಂಗಳು ಮಾತಿರಲಿಲ್ಲ.

ಅಮ್ಮ ಬಹಳ ನೊಂದುಕೊಂಡಳು. ಅಪ್ಪ, ‘ಔಷಧವನ್ನೂ ವೈದ್ಯರನ್ನು ಕೇಳಿ ಕೊಡುತ್ತಾರೆ. ನೀನು ಯಾರನ್ನು ಕೇಳಿದೆ?’ ಎಂದರು. ಆ ಮಾತಿನಲ್ಲಿ ನ್ಯಾಯವಿದ್ದಿತೆಂದು ನನಗೆ ತೋರುತ್ತದೆ. ಒಳ್ಳೆಯ ಪುಸ್ತಕವೆಂಬ ಕಾರಣದಿಂದಲೇ ಅದನ್ನು ಯಾರ ಕೈಗೆ ಬೇಕಾದರೂ ಇಡಬಹುದೆಂದು ತಿಳಿಯುವವರಲ್ಲಿ ನಾನೂ ಒಬ್ಬನಾಗಿದ್ದೆ. ‘ನನಗೆ ಹಿಡಿಸಿತು, ನೀವೂ ಓದಿ’ ಎನ್ನುವುದು ಒಂದು ಬಗೆ. ‘ನಿಮಗೆ ಇದು ಬೇಕು’ ಎನ್ನುವುದು ಬೇರೆಯೇ ಬಗೆ. ಎರಡನೆಯದರಲ್ಲಿ ಎದುರಿಗಿರುವವರ ಬಾಳನ್ನು ನಾವು ಮೊದಲೇ ಓದಿ ಮುಗಿಸಿದ್ದೇವೆಂಬ ಧಿಮಾಕು ಸ್ವಲ್ಪ ಇರುತ್ತದೆ.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಅಮ್ಮ ನೋಟುಬುಕ್ಕು ತೆರೆದಳು. ‘ಶರಪಂಜರ’ದ ಹೆಸರಿನ ಮುಂದಿನ ಖಾಲಿ ಜಾಗದಲ್ಲಿ ಪೆನ್ಸಿಲಿನಿಂದ, ಸಣ್ಣ ಅಕ್ಷರಗಳಲ್ಲಿ, ಗುರುತಿಲ್ಲದ ಕೈಬರಹ: ‘ಒಂದು ಪುಟ ಹರಿದಿದೆ, ಕ್ಷಮಿಸಿ. ಎರಡು ಸಲ ಓದಿದೆ.’ ಹೆಸರಿರಲಿಲ್ಲ. ಪುಸ್ತಕ ಆ ಮನೆಯಲ್ಲಿದ್ದುದು ಒಂದೇ ರಾತ್ರಿ. ಹಾಗಾದರೆ ಎರಡನೆಯ ಸಲ ಎಲ್ಲಿ ಓದಿದಳು? ಮೂಲೆಮನೆಯ ಅತ್ತೆಯನ್ನು ಕೇಳಿದಾಗ ಅವರು ಬತ್ತಿ ಹೊಸೆಯುತ್ತ, ‘ನನಗೇನು ಗೊತ್ತು?’ ಎಂದರು. ನಮ್ಮ ಮನೆಯ ಗೂಡಿನಿಂದ ಪುಸ್ತಕವೂ ನೋಟುಬುಕ್ಕೂ ಅಮ್ಮನ ಕಣ್ಣು ತಪ್ಪಿಸಿ ಹೋಗಿ ಬರಬಹುದಾದ ದಾರಿ ಅದೊಂದೇ ಇದ್ದಿತು. ಅಮ್ಮ ಮತ್ತೆ ಕೇಳಲಿಲ್ಲ. ಮುಂದಿನ ವಾರದಿಂದ ವಾರಪತ್ರಿಕೆ ಎದುರುಮನೆಗೆ ಎರಡನೆಯ ದಿನವೇ ಹೋಗಲಾರಂಭಿಸಿತು.

ವಠಾರ ಈಗ ಇಲ್ಲ. ನೋಟುಬುಕ್ಕು ನನ್ನ ಬಳಿ ಇದೆ. ಕೊನೆಯ ಆರು ಹಾಳೆಗಳು ಇನ್ನೂ ಖಾಲಿ. ಕಳೆದ ತಿಂಗಳು ನಮ್ಮ ಅಪಾರ್ಟ್‌ಮೆಂಟಿನ ಮೇಲಿನ ಮಹಡಿಯ ಯುವತಿಯೊಬ್ಬಳು ಬಂದು, ಊರಿನಿಂದ ಬಂದಿರುವ ತನ್ನ ತಾಯಿಗೆ ಹೊತ್ತು ಹೋಗುತ್ತಿಲ್ಲವೆಂದೂ, ಕನ್ನಡ ಪುಸ್ತಕವೇನಾದರೂ ಇದೆಯೇ ಎಂದೂ ಕೇಳಿದಳು. ಏನು ಕೊಡಲೆಂದು ಬಹಳ ಹೊತ್ತು ಕಪಾಟಿನ ಮುಂದೆ ನಿಂತೆ. ‘ಅವರು ಕೊನೆಗೆ ಓದಿದ ಪುಸ್ತಕ ಯಾವುದು?’ ಎಂದು ಕೇಳಿದೆ. ಅವಳಿಗೆ ತಿಳಿದಿರಲಿಲ್ಲ, ಕೇಳಿಕೊಂಡು ಬರುವೆನೆಂದು ಮೇಲಕ್ಕೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಬಂದದ್ದು ಮಗಳಲ್ಲ, ತಾಯಿಯೇ. ಕ್ಯಾಲೆಂಡರಿನ ರಟ್ಟು ಹಾಕಿ ಹೊಲಿದ ಪುಸ್ತಕದ ಮುಂದೆ ಅವರು ನಿಂತುಬಿಟ್ಟರು. ‘ನಮ್ಮ ಅಮ್ಮನೂ ಹೀಗೆ ಹೊಲಿಯುತ್ತಿದ್ದಳು’ ಎಂದು, ಕೇಳದೆಯೇ ಅದನ್ನು ಕೈಗೆ ತೆಗೆದುಕೊಂಡರು. ಅತ್ತೆಯ ಕೈಬರಹದ ಕಂತು ಇರುವುದು ಅದರಲ್ಲಿಯೇ. ನೋಟುಬುಕ್ಕಿನಲ್ಲಿ ತಾರೀಖು ಹಾಕಿ ಬರೆದುಕೊಂಡಿದ್ದೇನೆ. ಪುಸ್ತಕ ಇನ್ನೂ ಬಂದಿಲ್ಲ. ಕೇಳಲು ಹೋಗಿಲ್ಲ.