ಹದ್ದಿನಿಂದ ಕೋಳಿಮರಿಗಳ ರಕ್ಷಣೆ

ತತ್ತಿ ಮಾರಿ ಮಗಳ ಪುಸ್ತಕದ ಖರ್ಚು ತೂಗಿಸುವ ಖಾನಾಪುರದ ಕಡೆಯ ತಾಯಿಯೊಬ್ಬರು, ಹನ್ನೆರಡು ಮರಿಗಳಲ್ಲಿ ಏಳು ಹದ್ದಿನ ಪಾಲಾದವೆಂದು ನಮ್ಮೆದುರು ಕಣ್ಣೀರಿಟ್ಟರು. ಆ ನಿಮಿತ್ತ ಈ ನಾಲ್ಕು ಮಾತು.

ನಮ್ಮ ಕೋಟೆಯ ಮೇಲೆ ಸುತ್ತುವ ಹದ್ದು ಬಲಿತ ಕೋಳಿಯನ್ನು ಸಾಮಾನ್ಯವಾಗಿ ಮುಟ್ಟದು. ಬಯಲಿನಲ್ಲಿ ಮೇಯುವ ಮರಿಯನ್ನು ಮೇಲಿನಿಂದ ಎತ್ತಿಕೊಂಡು ಹೋಗುವದು. ಗಿಡುಗವಾದರೋ ಎಲೆಯ ಮರೆಯಲ್ಲಿ ಕುಳಿತು ಒಮ್ಮೆಲೇ ಎರಗುವದು. ಆದುದರಿಂದ ಕಾವಲಿಗಿಂತಲೂ ಮರೆಯೇ ಮುಖ್ಯವು. ಮೊದಲ ಐದಾರು ವಾರ ಮರಿಗಳನ್ನು ಬುಟ್ಟಿಯಡಿಯಲ್ಲಿ ಇಲ್ಲವೆ ಬಲೆ ಹೊದಿಸಿದ ಆವರಣದಲ್ಲಿ ಮೇಯಿಸತಕ್ಕದ್ದು. ಬಳಿಕ ಹಿತ್ತಲಲ್ಲಿ ಹೀರೆಯ ಚಪ್ಪರ, ದಟ್ಟ ಪೊದೆ, ಒರಗಿಸಿಟ್ಟ ಹಳೆಯ ತಟ್ಟಿ ಇರಲಿ. ತಾಯಿಕೋಳಿಯು ಕೂಗಿದೊಡನೆ ಮರಿಗಳು ನಾಲ್ಕು ಹೆಜ್ಜೆಯೊಳಗೆ ಅಡಗುವಂತಾಗಬೇಕು. ಒಂದೇ ಕಡೆ ನಿಲ್ಲಿಸಿದ ಬೆದರುಬೊಂಬೆಯ ಗುಟ್ಟನ್ನು ಹದ್ದು ಬೇಗನೆ ಕಲಿಯುವದು. (ನಮ್ಮ ಹುಡುಗಿಯರು ಗಣಿತವನ್ನು ಅಷ್ಟು ಬೇಗ ಕಲಿತರೆ!) ಮೀನಿನ ಹೊಲಸನ್ನು ಅಂಗಳದಲ್ಲಿ ಚೆಲ್ಲುವದೆಂದರೆ ಹದ್ದನ್ನು ಊಟಕ್ಕೆ ಕರೆದಂತೆ. ಕವಣೆ, ವಿಷಗಳು ಮಾತ್ರ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅದು ಅಪರಾಧವು, ಮತ್ತು ಗದ್ದೆಯ ಇಲಿಗಳನ್ನು ಹಿಡಿಯುವದೂ ಇದೇ ಹದ್ದು.