ಅರಿಶಿನ, ಗ್ರೀನ್ ಟೀ ಕೊಬ್ಬು ಕರಗಿಸುತ್ತಾ?

ಹೊಸ ಬ್ಲೌಸ್ ಹೊಲಿಸಲು ಹೋದಾಗ ಟೈಲರ್ ಟೇಪ್ ಹಿಡಿದು "ಹೋದ ಸಲಕ್ಕಿಂತ ಎರಡಿಂಚು ಜಾಸ್ತಿ ಮೇಡಂ" ಅಂದರೆ ಯಾರಿಗೆ ಬೇಜಾರಾಗಲ್ಲ ಹೇಳಿ? ಅದೇ ಹೊತ್ತಿಗೆ ಪಕ್ಕದ ಮನೆಯವರು ಗಿಡಮೂಲಿಕೆ ಕ್ಯಾಪ್ಸೂಲ್ ತೋರಿಸುತ್ತಾರೆ. ಡಬ್ಬಿಯ ಮೇಲೆ ಅರಿಶಿನ, ಗ್ರೀನ್ ಟೀ, ಗಾರ್ಸಿನಿಯಾ ಎಂದಿರುತ್ತೆ. 'ನೈಸರ್ಗಿಕ ತಾನೇ, ಏನಾಗುತ್ತೆ?' ಎಂದು ನುಂಗುವ ಮುಂಚೆ ಇದನ್ನು ಓದಿ.

ಕೊಬ್ಬಿನ ಕೋಶ ಹುಟ್ಟೋದು ಹೇಗೆ?

ನಮ್ಮ ಮೈಯಲ್ಲಿ ಕೊಬ್ಬು ತುಂಬಿಕೊಳ್ಳದ ಎಳೆಯ ಕೋಶಗಳಿರುತ್ತವೆ. ಇವು ಬಲಿತು ಕೊಬ್ಬು ತುಂಬಿಕೊಂಡಾಗ ಕೊಬ್ಬಿನ ಕೋಶಗಳಾಗುತ್ತವೆ. ದೊಡ್ಡವರಲ್ಲಿ ವರ್ಷಕ್ಕೆ ಸುಮಾರು ಶೇ. 10ರಷ್ಟು ಕೋಶಗಳು ಸತ್ತು, ಆ ಜಾಗಕ್ಕೆ ಹೊಸವು ಬರುತ್ತವೆ ಎಂದು 2008ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದರು. ತೂಕ ಇಳಿಸಿದಾಗ ಕುಗ್ಗುವುದು ಕೋಶದ ಗಾತ್ರ. ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇರುತ್ತೆ.

ಪ್ರಯೋಗಾಲಯದಲ್ಲಿ ಆಗಿದ್ದೇನು?

ಅರಿಶಿನದ ಕುರ್ಕುಮಿನ್, ಗ್ರೀನ್ ಟೀಯ ಕ್ಯಾಟೆಚಿನ್‌ಗಳು ಈ ಎಳೆಯ ಕೋಶ ಬಲಿಯುವುದನ್ನು ತಡೆಯುತ್ತವೆ ಅನ್ನೋದು ನಿಜ. ಆದರೆ ಹೆಚ್ಚಿನ ಪ್ರಯೋಗ ನಡೆದದ್ದು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಇಲಿಯ ಕೋಶಗಳ ಮೇಲೆ. ಅಲ್ಲಿ ಸಾರವನ್ನು ನೇರವಾಗಿ ಕೋಶದ ಮೇಲೇ ಹಾಕುತ್ತಾರೆ. ನಾವು ತಿಂದ ಅರಿಶಿನದ ಕಥೆ ಬೇರೆ. 100 ಗ್ರಾಂ ಪುಡಿಯಲ್ಲಿ ಕುರ್ಕುಮಿನ್ ಇರೋದೇ ಸುಮಾರು 3 ಗ್ರಾಂ, ಅದರಲ್ಲೂ ರಕ್ತಕ್ಕೆ ಸೇರೋದು ತೀರಾ ಅಲ್ಪ.

ನಮ್ಮ ಉಪ್ಪಾಗೆಯೂ ಅಷ್ಟೇ

ಡಬ್ಬಿಯ ಮೇಲಿನ ಗಾರ್ಸಿನಿಯಾ ಬೇರೇನಲ್ಲ, ನಮ್ಮ ಮಲೆನಾಡಿನ ಉಪ್ಪಾಗೆ! ಅದರ ಸಿಪ್ಪೆಯ ಹುಳಿಯಲ್ಲಿರುವ ಆಮ್ಲ, ದೇಹ ಕೊಬ್ಬು ತಯಾರಿಸಲು ಬಳಸುವ ಒಂದು ಕಿಣ್ವವನ್ನು ತಡೆಯುತ್ತೆ. ಆದರೆ 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಪರೀಕ್ಷೆ ಮಾಡಿದಾಗ, ಇದನ್ನು ನುಂಗಿದವರಿಗೂ ಬರೀ ಉತ್ತುತ್ತು ಮಾತ್ರೆ ನುಂಗಿದವರಿಗೂ ತೂಕ ಇಳಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಲಿವರ್ ಜೋಪಾನ

ಅಡುಗೆಯಲ್ಲಿ ಬಳಸುವ ಅರಿಶಿನ, ಹುಳಿಗೆ ಭಯ ಬೇಡ. ತೊಂದರೆ ಇರೋದು ಗಟ್ಟಿ ಸಾರದ ಕ್ಯಾಪ್ಸೂಲ್‌ಗಳಲ್ಲಿ. ಗಾರ್ಸಿನಿಯಾ, ಗ್ರೀನ್ ಟೀ, ಅರಿಶಿನದ ಸಾರ ಸೇವಿಸಿದ ಕೆಲವರಿಗೆ ಲಿವರ್‌ಗೆ ಪೆಟ್ಟಾದ ವರದಿಗಳಿವೆ.

ನೆನಪಿಡಿ:
* ಬಸುರಿ, ಬಾಣಂತಿಯರು ಇವುಗಳ ತಂಟೆಗೇ ಹೋಗಬೇಡಿ.
* ಸಕ್ಕರೆ ಕಾಯಿಲೆಗೆ, ರಕ್ತ ತೆಳುವಾಗಲು ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ.
* ಕ್ಯಾಪ್ಸೂಲ್ ಶುರು ಮಾಡಿದ ಮೇಲೆ ವಾಕರಿಕೆ, ವಿಪರೀತ ಸುಸ್ತು, ಕಡು ಬಣ್ಣದ ಮೂತ್ರ, ಕಣ್ಣು ಹಳದಿಯಾಗುವುದು ಕಂಡರೆ ತಕ್ಷಣ ನಿಲ್ಲಿಸಿ, ಡಬ್ಬಿ ಸಮೇತ ಡಾಕ್ಟರ ಬಳಿ ಹೋಗಿ.
* ರಾತ್ರಿ ಒಂದು ಸೌಟು ಅನ್ನ ಕಡಿಮೆ, ಪಲ್ಯ ಜಾಸ್ತಿ, ದಿನಾ ಅರ್ಧ ಗಂಟೆ ಬಿರುಸಿನ ನಡಿಗೆ. ಇಷ್ಟು ರೂಢಿ ಮಾಡಿಕೊಳ್ಳಿ.

ಅರಿಶಿನ ಸಾರಿನಲ್ಲೇ ಇರಲಿ. ಕ್ಯಾಪ್ಸೂಲಿನ ದುಡ್ಡಿಗೆ ಒಂದು ಜೊತೆ ಒಳ್ಳೆಯ ವಾಕಿಂಗ್ ಶೂ ಬರುತ್ತೆ, ಅಲ್ವಾ?